ಮನುವಿನ ಲೋಟ

ಮುದ್ದೆ ಮುರಿದು ಸಾರಿಗೆ ಅದ್ದುವ ಹೊತ್ತಿನಲ್ಲಿ ಇಂಥ ಮಾತು ಬರುತ್ತದೆ ಎಂದು ಅಂಕಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಗಣೇಶನ ಹಬ್ಬ ಕಳೆದು ನಾಲ್ಕು ದಿನವಾಗಿತ್ತು. ಹುರುಳಿಕಾಳಿನ ಸಾರು. ಗಂಡ ಬಸವಯ್ಯ ಗೋಡೆಗೆ ಬೆನ್ನು ಕೊಟ್ಟು ಕೂತು ಎರಡನೇ ಮುದ್ದೆಗೆ ಕೈ ಹಾಕಿದ್ದ. ಸೊಸೆ ಸುಚಿತ್ರಾ ಗಾರ್ಮೆಂಟ್ಸ್‌ನಿಂದ ಬಂದು ಮುಖ ತೊಳೆದು, ಟಿಫಿನ್ ಡಬ್ಬಿ ಉಜ್ಜುತ್ತಿದ್ದಳು. ಮೂರನೇ ಕ್ಲಾಸಿನ ಮೊಮ್ಮಗಳು ಧನುಶ್ರೀ ತಟ್ಟೆ ಬಿಟ್ಟು ಒಲೆಯನ್ನೇ ನೋಡುತ್ತಿದ್ದಳು.

“ಅಜ್ಜಿ, ಅಪ್ಪ ಬೆಂಕೀಲಿ ಐತಂತೆ.”

“ಯಾರಪ್ಪನೇ?”

“ನಮ್ಮಪ್ಪ.”

ಬಸವಯ್ಯನ ಕೈ ತಟ್ಟೆಯಲ್ಲೇ ನಿಂತಿತು. ಅಂಕಮ್ಮ ಸೌಟು ಹಿಡಿದುಕೊಂಡೇ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಯಾರೇ ನಿಂಗೆ ಇದ್ನ ಹೇಳಿದ್ದು?”

“ಸಂಡೇ ಸ್ಕೂಲ್ ಅಕ್ಕ. ಯೇಸಪ್ಪನ್ನ ನಂಬದೆ ಸತ್ತೋರೆಲ್ಲಾ ಅಲ್ಲಿಗೇ ಹೋಯ್ತಾರಂತೆ. ಬಾಯಾರ್ಕೆ ಆದ್ರೆ ಒಂದ್ ತೊಟ್ಟು ನೀರೂ ಕೊಡಾಕಿಲ್ವಂತೆ. ನಮ್ಮಪ್ಪಾನೂ ನಂಬಿರ್ನಿಲ್ಲ ಅಂದೆ. ಅಕ್ಕ ಏನೂ ಮಾತಾಡ್ಲಿಲ್ಲ.”

“ಸುಚಿತ್ರಾ! ಬಾರೇ ಇಲ್ಲಿ. ನಿನ್ ಮಗಳು ಏನಂತಾವ್ಳೆ ಕೇಳುಸ್ಕೊಂಡ್ಯಾ?”

ಕೇಳಿಸಿಕೊಳ್ಳದೆ ಏನು, ಅಡಿಗೆಮನೆ ಇರುವುದೇ ಮೂರು ಮಾರು. ಸುಚಿತ್ರಾ ಡಬ್ಬಿ ಬೋರಲು ಹಾಕಿ, ಕೈ ಒರೆಸಿಕೊಂಡು ಬಂದು ನಿಂತಳು.

“ಮಗಾ, ಉಣ್ಣು ಮೊದ್ಲು.”

“ಉಣ್ಣೋದು ಆಮೇಲಾಯ್ತದೆ. ಅದೆಲ್ಲಾ ಸುಳ್ಳು ಅನ್ನು. ಮಗೀನ ಮುಂದೆ ಒಂದೇ ಒಂದು ಮಾತು, ನಿಮ್ಮಪ್ಪ ಚೆನ್ನಾಗವ್ರೆ ಅನ್ನು. ಮುಗ್ದೋಯ್ತದೆ.”

ಸುಚಿತ್ರಾ ಬಾಯಿ ತೆರೆದಳು, ಮುಚ್ಚಿದಳು. ಕಣ್ಣು ತುಂಬಿಕೊಂಡವು. ಸುಳ್ಳು ಹೇಳುವುದಿಲ್ಲ ಎಂದು ಯೇಸಪ್ಪನ ಹೆಸರಲ್ಲಿ ಆಣೆ ಮಾಡಿದ ಹೆಂಗಸು ಅವಳು. ಹೋಗಲಿ, ನಿಜವನ್ನಾದರೂ ಹೇಳಿಬಿಡಲು ಗಂಡಸಿನಂಥ ಎದೆ ಬೇಕು, ಅದೂ ಇರಲಿಲ್ಲ. ಅವಳು ಸುಮ್ಮನೆ ನಿಂತದ್ದೇ ಅಂಕಮ್ಮನಿಗೆ ಉತ್ತರವಾಯಿತು.

“ಅಂದ್ರೆ ನೀನೂ ಹಂಗೇ ಅನ್ಕೊಂಡಿದ್ದೀಯ! ಅಯ್ಯೋ ನಿನ್ ಮನೆ ಹಾಳಾಗ, ತಾಳಿ ಕಟ್ದೋನ್ನ ಬೆಂಕಿಗೆ ಹಾಕ್ಬುಟ್ಟು ಮೂರೊತ್ತು ಅನ್ನ ತಿಂತಿದ್ದೀಯಲ್ಲೇ!”

“ಮುಚ್ಚಮ್ಮಿ ಬಾಯ,” ಎಂದ ಬಸವಯ್ಯ. “ಮಣ್ಣಾದೋನ್ನ ಯಾಕ್ ಎಳ್ದಾಡ್ತೀರಿ? ಹೊಲದ ಮೂಲೇಲಿ ಈ ಕೈಯಲ್ಲೇ ಮಣ್ಣು ಎಳ್ದಿವ್ನಿ. ಅಲ್ಲೇ ಅವ್ನೆ. ಎಲ್ಲೂ ಹೋಗಿಲ್ಲ.”

ಆ ರಾತ್ರಿ ಆ ಮನೆಯಲ್ಲಿ ಅರ್ಧ ಮುದ್ದೆ ಹಸುವಿನ ಕಲಗಚ್ಚಿನ ಬಾನಿಗೆ ಹೋಯಿತು.

ಯಾರ ಕಡೆ ನ್ಯಾಯ ಎಂದು ಕೇಳಬೇಡಿ, ಮೊದಲು ಹಿಂದಿನದ್ದನ್ನು ಒಸಿ ಹೇಳಿಬಿಡುತ್ತೇನೆ. ಮನು ಆ ಮನೆಗೆ ಒಬ್ಬನೇ ಮಗ. ಬೈರಮಂಗಲದ ಕೆರೆಯಾಚೆ ಇವರಿಗೆ ಎರಡು ಎಕರೆ ಹಿಪ್ಪುನೇರಳೆ ಸೊಪ್ಪು, ಮನೆಯ ಪಕ್ಕಕ್ಕೇ ರೇಷ್ಮೆ ಹುಳ ಸಾಕುವ ಕೋಣೆ, ಅಲ್ಲಿಂದ ನಡುಮನೆಗೆ ಒಂದು ಗಿಡ್ಡ ಬಾಗಿಲು. ಆದರೆ ಬಿಡದಿ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಸೊಪ್ಪು ಕೊಯ್ಯಲು ಯಾವ ಹುಡುಗ ನಿಲ್ಲುತ್ತಾನೆ? ಮನುವೂ ಕಾರಿನ ಬಿಡಿಭಾಗ ಮಾಡುವ ಕಡೆ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದ. ಮೊದಲ ಸಂಬಳದಲ್ಲಿ ಒಂದು ದೊಡ್ಡ ಸ್ಟೀಲ್ ಲೋಟ ತಂದು, ಅಂಗಡಿಯವನ ಕೈಲಿ ‘ಮನು’ ಎಂದು ಹೆಸರು ಕೊರೆಸಿಕೊಂಡಿದ್ದ. ಆ ಲೋಟದಲ್ಲಿ ಬೇರೆ ಯಾರು ಕುಡಿದರೂ ಜಗಳ ತೆಗೆಯುತ್ತಿದ್ದ.

ಎರಡು ವರ್ಷದ ಹಿಂದೆ ಒಂದು ಸಂಜೆ ಮಗುವಿಗೆ ಜ್ವರ ಏರಿ ಕಣ್ಣು ಮೇಲೆ ಹಾಕಿತು. ಸುಚಿತ್ರಾ ಅಂಗಡಿಯ ಕಾಯಿನ್ ಫೋನಿಂದ ಫ್ಯಾಕ್ಟರಿ ಗೇಟಿಗೆ ಫೋನು ಮಾಡಿ ಬೇಗ ಬರಹೇಳಿ ಎಂದಳು. ಮನು ಯಾರದೋ ಬೈಕು ಇಸಿದುಕೊಂಡು ಹೊರಟ. ಆಗ ಮೈಸೂರು ರಸ್ತೆ ಅಗಲ ಮಾಡುತ್ತಿದ್ದ ಕಾಲ, ದಾರಿಗೆ ಸುರಿದಿದ್ದ ಜಲ್ಲಿ ರಾಶಿಗೆ ದೀಪವಿರಲಿಲ್ಲ. ಬೆಳಿಗ್ಗೆ ಹೊತ್ತಿಗೆ ಮಗುವಿನ ಜ್ವರ ಇಳಿದಿತ್ತು. ಅಪ್ಪನನ್ನು ಚಾಪೆಯ ಮೇಲೆ ತಂದು ಮಲಗಿಸಿದ್ದರು.

ಹೊಲದ ಮೂಲೆಯಲ್ಲಿ ಮಣ್ಣು ಮಾಡುವಾಗ, ಊರೆಲ್ಲಾ ನಿಂತಿರುವಾಗ, ಅಂಕಮ್ಮ ಸೊಸೆಯ ಜುಟ್ಟು ಹಿಡಿದು ಅಂದಳು: “ಫೋನ್ ಮಾಡಿ ಕರ್ಸ್ಕೊಂಡು ತಿಂದ್ಕೊಂಡ್ಯಲ್ಲೇ ನನ್ ಮಗನ್ನ!”

ಆ ಮಾತಿಗೆ ಸುಚಿತ್ರಾ ಅಳಲೂ ಇಲ್ಲ. ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ಗಾರ್ಮೆಂಟ್ಸ್‌ಗೆ ಸೇರಿ, ದಿನಾ ಏಳೂವರೆಯ ಕಂಪನಿ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದವಳು ವರಲಕ್ಷ್ಮಮ್ಮ ಎಂಬ ನಲವತ್ತರ ಹೆಂಗಸು, ಬಿಡದಿಯ ಒಂದು ಶೀಟಿನ ಶೆಡ್ಡಿನಲ್ಲಿ ನಡೆಯುವ ಪ್ರಾರ್ಥನೆಗೆ ಹೋಗುವವಳು. ಅವಳು ಒಂದು ದಿನ ಸುಚಿತ್ರಾಳ ಕೈ ಹಿಡಿದು, “ನಿನ್ ತಪ್ಪಲ್ಲ ಕಣವ್ವ,” ಎಂದಳು. ಅಷ್ಟೇ. ಆ ಒಂದು ಮಾತನ್ನು ಮನೆಯವರು ಯಾರಾದರೂ ಅಂದಿದ್ದರೆ ಈ ಕಥೆ ಹೇಳುವ ಕೆಲಸವೇ ನನಗಿರುತ್ತಿರಲಿಲ್ಲ. ಸುಚಿತ್ರಾ ಮರುವಾರದಿಂದ ಶೆಡ್ಡಿಗೆ ಹೋದಳು, ಯುಗಾದಿಯ ಹೊತ್ತಿಗೆ ಬಿಳಿ ಸೀರೆ ಉಟ್ಟು ದೀಕ್ಷಾಸ್ನಾನದ ತೊಟ್ಟಿಯಲ್ಲಿ ಮುಳುಗಿ ಎದ್ದಳು. ಸಮಾಧಾನಕ್ಕೆ ಅಂತ ಹೋದವಳಿಗೆ ಅಲ್ಲಿ ಸಮಾಧಾನ ಸಿಕ್ಕಿತು, ನಿಜ. ಅದರ ಜೊತೆಗೆ, ನಂಬದೆ ಸತ್ತವರ ಗತಿ ಏನು ಎಂಬುದೂ ಸಿಕ್ಕಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟು ಬರಲು ಅದೇನು ಸಂತೆಯೇ?

ಆ ಊಟದ ಮಾರನೇ ಬೆಳಿಗ್ಗೆ ಅತ್ತೆ ಸೊಸೆ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ಮತ್ತೆ ಹತ್ತಿಕೊಂಡರು.

“ಮಗೀನ ಇನ್ನ ಆ ಶೆಡ್ಡಿಗೆ ಕರ್ಕೊಂಡೋಗ್ಬೇಡ.”

“ಭಾನುವಾರ ಇಲ್ಲಿ ಬುಟ್ಟೋದ್ರೆ ನೀವು ಅವ್ಳ ಮುಂದೆ ನನ್ನ ಬೈತಾ ಕುಂತ್ಕತೀರಿ.”

“ಬೈಯದೆ ಪೂಜೆ ಮಾಡ್ಲಾ? ನನ್ ಮಗ ಎಲ್ಲವ್ನೆ ಹೇಳು. ನಿನ್ ಬಾಯಲ್ಲಿ ಹೇಳು ನೋಡಾನ.”

“ನಂಗೊತ್ತಿಲ್ಲ ಅತ್ತೆ.”

“ಗೊತ್ತಿಲ್ಲ ಅಂದ್ರೆ ಚೆನ್ನಾಗವ್ರೆ ಅನ್ನಾಕೇನು ದಾಡಿ?”

ಸುಚಿತ್ರಾ ಡಬ್ಬಿಯ ಮುಚ್ಚಳ ಒತ್ತಿದಳು. ಆಮೇಲೆ ತಿರುಗಿ ನಿಂತು, ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಆಡಿಬಿಟ್ಟಳು.

“ಅವತ್ತು ಊರ್ ಮುಂದೆ ನೀವು ನಂಗೆ ಒಂದ್ ಮಾತಂದ್ರಲ್ಲ, ಅದ್ನ ವಾಪಸ್ ತಗೊಳಿ. ಆಮೇಲೆ ನಂಗೆ ಕೇಳಿ.”

ಅಂಕಮ್ಮನಿಗೆ ನಾಲಿಗೆಯ ತುದಿಗೆ ಬಂದಿತ್ತು. ತಪ್ಪಾಯ್ತು ಅನ್ನಲು ಎಷ್ಟು ಹೊತ್ತು? ಆದರೆ ಅಂದರೆ ಮಗ ಸತ್ತದ್ದಕ್ಕೆ ಯಾರೂ ಕಾರಣರಲ್ಲ ಅಂತ ಆಗುತ್ತದೆ. ಬರೀ ಜಲ್ಲಿ ರಾಶಿ. ಅದನ್ನು ಬೈದು ಎಷ್ಟು ದಿನ ಬದುಕಲಾದೀತು? ಹೊರಗೆ ಬಸ್ಸಿನ ಹಾರನ್ ಕೇಳಿ ಸುಚಿತ್ರಾ ಓಡಿದಳು.

ದೊಡ್ಡವರು ಹೀಗೆ ಹಗ್ಗ ಜಗ್ಗಾಡುವಾಗ ಧನುಶ್ರೀ ತನ್ನದೇ ದಾರಿ ಹಿಡಿದಿದ್ದಳು. ಮೊದಲು ಕುಡಿಯುವ ನೀರಿನಲ್ಲಿ ಅರ್ಧವನ್ನು ನೆಲಕ್ಕೆ ಚೆಲ್ಲತೊಡಗಿದಳು. ಆಮೇಲೆ ಒಂದು ಸಂಜೆ ಅನ್ನ ಕುದಿಯುತ್ತಿದ್ದ ಒಲೆಗೆ ಬಿಂದಿಗೆ ನೀರನ್ನು ಎತ್ತಿ ಸುರಿದೇಬಿಟ್ಟಳು. ಮನೆಯೆಲ್ಲಾ ಬೂದಿ, ಹೊಗೆ.

“ಏನ್ ಬಂದಿತ್ತೇ ನಿಂಗೆ ರೋಗ!” ಎಂದು ಅಂಕಮ್ಮ ಬೆನ್ನಿಗೆ ಎರಡು ಹಾಕಿದಳು.

“ಅಪ್ಪಂಗೆ ಬಿಸಿ ಆಯ್ತದಲ್ಲ,” ಎಂದಳು ಮಗು ಬಿಕ್ಕುತ್ತಾ.

ಅಂಕಮ್ಮ ಹೊಡೆದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು, “ನಿಮ್ಮಪ್ಪ ಹಿರೀಕರ ಜೊತೆ ಸೇರ್ಕೊಂಡು ಸುಖವಾಗವ್ನೆ ಕಣವ್ವ. ಮಾಲಯದ ಅಮಾಸೆಗೆ ಎಡೆ ಇಡ್ತೀವಲ್ಲ, ಅವತ್ತು ಬತ್ತಾನೆ. ಅವನ ಲೋಟದಲ್ಲೇ ನೀರು ಮಡಗ್ತೀನಿ. ಕುಡ್ಕೊಂಡು, ಉಂಡ್ಕೊಂಡು ಹೋಯ್ತಾನೆ. ನೀನೇ ನೋಡುವಂತೆ,” ಎಂದಳು.

“ಕಾಣ್ತದಾ ಅಪ್ಪ?”

“ಕಾಣಾಕಿಲ್ಲ. ಅದ್ಕೇ ಬಾಗ್ಲು ಹಾಕೋದು. ನಾವು ಎದ್ರಿಗೆ ನಿಂತ್ರೆ ಅವ್ರು ಉಣ್ಣಾಕಿಲ್ಲ.”

ಹಾಗೆ ಹೇಳಿ ಹೇಳಿ ಮಗುವಿಗೆ ನಿದ್ದೆ ಬಂತು. ಅಂಕಮ್ಮನಿಗೆ ಬರಲಿಲ್ಲ. ಅರವತ್ತು ವರ್ಷ ಯಾರನ್ನೂ ಕೇಳದೆ ನಂಬಿಕೊಂಡು ಬಂದದ್ದಕ್ಕೆ ಈಗ ಯಾರದಾದರೂ ಒಂದು ಹೂಂ ಬೇಕು ಎನ್ನಿಸತೊಡಗಿತು. ಅದೇ ಅವಳಿಗೆ ದೊಡ್ಡ ಅವಮಾನವಾಗಿತ್ತು.

ಮರುವಾರ ಹುಳ ಗೂಡು ಕಟ್ಟಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿದರು. ಹರಾಜಿನಲ್ಲಿ ಹಿಡಿದವರು ಹುಸೇನ್ ಸಾಬರು. ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಲ ಇವರ ಗೂಡನ್ನು ಕೊಂಡವರು. ಬಸವಯ್ಯ ದುಡ್ಡಿಗೆ ಸಾಲಿನಲ್ಲಿ ನಿಂತ. ಅಂಕಮ್ಮ ಪಕ್ಕದ ಗಲ್ಲಿಯಲ್ಲಿದ್ದ ಸಾಬರ ರೇಷ್ಮೆ ಬಿಚ್ಚುವ ಶೆಡ್ಡಿಗೆ ನಡೆದಳು. ಸಾಬರ ಹೆಂಡತಿ ಅಖ್ತರಿ ಕುದಿಯುವ ನೀರಿನ ಬೋಗುಣಿಯ ಮುಂದೆ ಕೂತು ಗೂಡಿನ ಎಳೆ ಹುಡುಕಿ ಎಳೆಯುತ್ತಿದ್ದಳು. ಗೂಡುಗಳು ಒಳಗಿನ ಹುಳದ ಸಮೇತ ನೀರಿನಲ್ಲಿ ಕುಣಿಯುತ್ತಿದ್ದವು. ಈ ವಾಸನೆ ಅಂಕಮ್ಮನಿಗೆ ಹೊಸದಲ್ಲ, ಆದರೆ ಆವತ್ತು ಅವಳು ಮೂಗಿಗೆ ಸೆರಗು ಹಿಡಿದಳು.

“ಬಾ ಅಕ್ಕಾ, ಚಾಯ್ ಕುಡಿ. ಯಾಕೆ ಇಷ್ಟು ಸೊರಗಿದ್ದೀಯಾ?”

ಅಂಕಮ್ಮ ಚಹಾ ಇಸಿದುಕೊಂಡು ಪಕ್ಕದ ಮಣೆಯ ಮೇಲೆ ಕೂತಳು.

“ಅಖ್ತರಮ್ಮ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಮ್ಮಂಥೋರು ಸತ್ರೆ ಎಲ್ಲಿಗೋಯ್ತಾರೆ ಅಂತಾರೆ ನಿಮ್ಮಲ್ಲಿ?”

ಅಖ್ತರಿಯ ಕೈ ನಿಂತಿತು. “ಇದೇನಕ್ಕಾ, ಬೆಳಿಗ್ಗೆ ಬೆಳಿಗ್ಗೆ?”

“ಹೇಳು.”

“ಅದೆಲ್ಲಾ ಮೇಲಿರೋನಿಗೆ ಗೊತ್ತು. ನಮಗೇನು ಗೊತ್ತು?”

“ನಿಂಗೊತ್ತಿಲ್ದೆ ಇರ್ಬೋದು. ನಿಮ್ಮ ದೊಡ್ಡೋರು ಏನಂತಾರೆ, ಅದ್ನ ಹೇಳು.”

ಅಖ್ತರಿ ಒಂದು ಗೂಡನ್ನು ಎತ್ತಿ, ಎಳೆ ಸಿಗದೆ, ಮತ್ತೆ ನೀರಿಗೆ ಬಿಟ್ಟಳು. ಅಂಕಮ್ಮನ ಮುಖ ನೋಡಿದಳು. ಮನು ಸತ್ತಾಗ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ಕೂತು ಅತ್ತು ಹೋಗಿದ್ದವಳು ಅವಳು.

“ನಿಜ ಹೇಳ್ಲಾ ಅಕ್ಕಾ, ಸುಳ್ಳು ಹೇಳ್ಲಾ?”

ಅಂಕಮ್ಮ ಬೋಗುಣಿಯನ್ನೇ ನೋಡಿದಳು. ಇಬ್ಬರಿಗೂ ತಿಳಿದುಹೋಗಿತ್ತು.

“ಸುಳ್ಳೇ ಹೇಳು ತಾಯಿ.”

“ಹಂಗಾದ್ರೆ ನಿನ್ನ ಮಗ ಚೆನ್ನಾಗಿದ್ದಾನೆ.”

ಅಖ್ತರಿ ಇನ್ನೊಂದು ಗೂಡಿನ ಎಳೆ ಹಿಡಿದು ಚಕ್ರಕ್ಕೆ ಕೊಟ್ಟಳು. ಆಮೇಲೆ ಮೆಲ್ಲಗೆ, “ನನ್ನದೂ ಒಂದು ಕೂಸು ಹೋಯ್ತಲ್ಲಕ್ಕಾ, ಒಂಬತ್ತು ತಿಂಗಳದ್ದು. ಮಕ್ಕಳು ಸೀದಾ ಜನ್ನತ್‌ಗೆ ಅಂತಾರೆ ನಮ್ಮೋರು. ಆದ್ರೂ ನಂಗೆ ಒಂದೊಂದು ದಿನ ನಂಬಿಕೆ ಬರಲ್ಲ,” ಎಂದಳು. ಅಂಕಮ್ಮ ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಎದ್ದಳು. ಸೊಸೆ ಕೊಡದೆ ಸತಾಯಿಸುತ್ತಿದ್ದದ್ದನ್ನು ಪರರ ಮನೆಯ ಹೆಂಗಸು ಕೇಳಿದ ಕೂಡಲೇ ಕೊಟ್ಟಿದ್ದಳು. ಆದರೂ ಅವಳ ಸಂಕಟ ಕಾಲುಪಾಲೂ ಇಳಿದಿರಲಿಲ್ಲ.

ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ತೀರಿಹೋದವರಿಗೆ ಅವರವರು ಇಷ್ಟಪಟ್ಟದ್ದನ್ನೇ ಇಡಬೇಕು, ಹೆಂಡತಿ ಬದುಕಿದ್ದರೆ ಮಸಾಲೆ ಅವಳ ಕೈಯದಾಗಬೇಕು. ಹಿಂದಿನ ದಿನವೇ ಅಂಕಮ್ಮ ಕಾಲು ಕೆರೆದಳು.

“ನಾಳೆ ರಜಾ ಹಾಕು.”

“ರಜಾ ಕೊಡಾಕಿಲ್ಲ. ಬೆಳಿಗ್ಗೆ ಎದ್ದು ಕೋಳಿ ಸಾರು ಮಾಡಿಟ್ಟು ಹೋಯ್ತೀನಿ. ಆದ್ರೆ ಎಡೆ ಮುಂದೆ ನಿಲ್ಲಾಕಿಲ್ಲ, ಆ ಎಡೇದು ಉಣ್ಣಾಕಿಲ್ಲ. ಮೊದ್ಲೇ ಹೇಳಿವ್ನಿ.”

“ಮಾಡೋಳು ನೀನು, ಉಣ್ಣಾಕೇನು? ನಿನ್ ಗಂಡನ ಎಂಜ್ಲು ಅಷ್ಟು ಹೇಸ್ಗೆ ಆಗೋಯ್ತಾ?”

“ನಾನು ನಂಬಿರೋದು ನಂಗೆ, ಬುಡಿ ಅತ್ತೆ.”

“ನಂಬಿರೋಳು ಯಾಕೆ ಮಾಡ್ತೀಯ ಮತ್ತೆ?”

ಸುಚಿತ್ರಾ ತಲೆ ತಗ್ಗಿಸಿ, “ಅವ್ರಿಗೆ ನಿಮ್ ಕೈ ಸಾರು ಸೇರ್ತಿರ್ಲಿಲ್ಲ,” ಎಂದಳು. ಅದೂ ನಿಜವೇ. ಅಂಕಮ್ಮನಿಗೆ ಉರಿಯಿತು.

ಕೋಳಿ ಕೂಗುವ ಮುಂಚೆ ಎದ್ದು ಸುಚಿತ್ರಾ ಒರಳಲ್ಲಿ ಮಸಾಲೆ ರುಬ್ಬಿದಳು, ಸಾರು ಕುದಿಸಿಟ್ಟು ಬಸ್ಸು ಹತ್ತಿದಳು. ಅಂಕಮ್ಮ ಕಜ್ಜಾಯ, ವಡೆ ಕರಿದಳು. ಊರ ನಲ್ಲಿಯ ನೀರಿಗೆ ಕೆರೆಯ ನೊರೆಯ ನಾತ ಹತ್ತಿ ವರ್ಷಗಳಾಗಿದ್ದವು, ಬೆಂಗಳೂರಿನ ಹೊಲಸೆಲ್ಲಾ ಹರಿದುಬರುವುದು ಅಲ್ಲಿಗೇ. ಆ ನೀರನ್ನು ಮಗನಿಗೆ ಇಡುವುದುಂಟೇ? ಒಂದು ಮೈಲಿ ನಡೆದು, ಕೃಷ್ಣಪ್ಪನ ತೆಂಗಿನತೋಟದ ಬೋರ್‌ವೆಲ್ಲಿಂದ ಒಂದು ಕೊಡ ಹೊತ್ತು ತಂದಳು. ಎರಡು ವರ್ಷದಿಂದ ಯಾರೂ ಬಾಯಿ ಹಾಕದೆ ಗೋಡೆಯ ಗೂಡಿನಲ್ಲಿ ಬೋರಲು ಕೂತಿದ್ದ ಮನುವಿನ ಲೋಟವನ್ನು ಹುಣಸೆಹಣ್ಣು ಹಾಕಿ ಬೆಳಗಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಬಾಳೆಲೆ ಹಾಸಿದರು. ಅಂಕಮ್ಮನ ತೀರಿಹೋದ ಮಾವನ ಎಲೆಗೆ ಬೀಡಿ ಕಟ್ಟು ಮತ್ತು ಒಂದು ಕ್ವಾರ್ಟರ್, ಅತ್ತೆಯ ಎಲೆಗೆ ಎಲೆ ಅಡಿಕೆ ಕಡ್ಡಿಪುಡಿ. ಮನುವಿನ ಎಲೆಗೆ ಹೊಸ ಶರಟು, ಮುದ್ದೆ, ಕೋಳಿ ಸಾರು. ಅಷ್ಟರಲ್ಲಿ ಬಸ್ಸಿಳಿದು ಬಂದ ಸುಚಿತ್ರಾ ಬ್ಯಾಗಿನಿಂದ ಬೇಕರಿಯ ಎರಡು ಎಗ್ ಪಫ್ಸ್ ತೆಗೆದು ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, “ಧನುಗೆ ತಂದೆ,” ಎಂದಳು. ಶಿಫ್ಟು ಮುಗಿಸಿ ಬರುವಾಗ ದಿನಾ ಮನು ತಿನ್ನುತ್ತಿದ್ದದ್ದು ಅದು. ಅಂಕಮ್ಮ ಏನೂ ಕೇಳದೆ ಒಂದನ್ನು ಎತ್ತಿ ಮಗನ ಎಲೆಗೆ ಇಟ್ಟಳು. ಸುಚಿತ್ರಾ ಬೇಡ ಎನ್ನಲಿಲ್ಲ, ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು.

ಬಸವಯ್ಯ ಕೆಂಡಕ್ಕೆ ಸಾಂಬ್ರಾಣಿ ಹಾಕಿದ. ಲೋಟದ ತುಂಬಾ ನೀರು ಬಿಟ್ಟು, ಬಾಗಿಲು ಎಳೆದುಕೊಂಡು ಗಂಡ ಹೆಂಡತಿ ಇಬ್ಬರೂ ಹೊರಗೆ ನಿಂತರು. ಧನುಶ್ರೀ ಪಕ್ಕದ ಮನೆಯಲ್ಲಿ ಟಿ.ವಿ. ನೋಡುತ್ತಿದ್ದಾಳೆ ಎಂದುಕೊಂಡಿದ್ದರು. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಬಸವಯ್ಯ ಎರಡು ಸಲ ಕೆಮ್ಮಿದ. ಒಳಗಿರುವವರಿಗೆ ನಾವು ಬರುತ್ತಿದ್ದೇವೆ ಎಂದು ತಿಳಿಸಬೇಕಲ್ಲ. ಬಾಗಿಲು ತೆಗೆದರು.

ಮನುವಿನ ಲೋಟ ಬರಿದಾಗಿತ್ತು. ಪಫ್ಸ್ ಅರ್ಧ ಇರಲಿಲ್ಲ.

“ಬಂದಿದ್ದ! ಅಯ್ಯೋ ನನ್ನಪ್ಪಾ, ಬಂದಿದ್ದ ಕಣ್ರೀ! ನೀರು ಕುಡ್ದವ್ನೆ, ನೋಡಿ, ತೊಟ್ಟೂ ಬುಟ್ಟಿಲ್ಲ!”

“ಇಲಿಗಿಲಿ ಏನಾರ...” ಎಂದ ಬಸವಯ್ಯ.

“ಇಲಿ ಲೋಟ ಎತ್ತಿ ಕುಡಿತದಾ? ನಿಮ್ ತಲೆ!”

ಜಗಲಿಯಿಂದ ಸುಚಿತ್ರಾ ಒಳಗೆ ಬಂದಳು. ಎಡೆಯ ಮುಂದೆ ನಿಲ್ಲುವುದಿಲ್ಲ ಎಂದವಳು ಎಡೆಯ ಮುಂದೆ ಮಂಡಿಯೂರಿ, ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೋರಲು ಮಾಡಿದಳು. ಏನೂ ಬೀಳಲಿಲ್ಲ.

“ನಿಜವಾ ಅತ್ತೆ? ಇದ್ರ ತುಂಬಾ ಬುಟ್ಟಿದ್ರಾ?”

“ತುಳುಕೋ ಹಂಗೆ ಬುಟ್ಟಿದ್ದೆ ಕಣೆ. ನಿಮ್ ಮಾವ ನೋಡವ್ರೆ.”

“ಹಂಗಾರೆ ಅವ್ರಿಗೆ ನೀರು ಸಿಕ್ತು,” ಎಂದಳು ಸುಚಿತ್ರಾ. ಎಂದವಳೇ ಹಣೆಯನ್ನು ನೆಲಕ್ಕಿಟ್ಟು ಅತ್ತಳು. ಅಂದು ಹೊಲದಲ್ಲಿ ಅಳದೇ ಇದ್ದದ್ದೆಲ್ಲಾ ಆಗ ಬಂತು. ಅವಳೂ ಇಷ್ಟು ದಿನ ಆ ಬೆಂಕಿಯನ್ನು ನೋಡುತ್ತಾ ಮಲಗುತ್ತಿದ್ದಳು ಎಂಬುದು ಅಂಕಮ್ಮನಿಗೆ ಹೊಳೆದದ್ದೇ ಆವಾಗ. ಅವಳಿಗೆ ತಡೆಯಲಾಗಲಿಲ್ಲ. ಸೊಸೆಯ ತಲೆಯನ್ನು ಎದೆಗೆ ಎಳೆದುಕೊಂಡಳು.

“ಅವತ್ತು ಅಂದದ್ದು ತಪ್ಪಾಯ್ತು ಕಣವ್ವ. ನಿನ್ ತಪ್ಪಲ್ಲ. ಕಾಯಿಲೆ ಮಗೀನ ಇಟ್ಕೊಂಡು ನೀನಾದ್ರೂ ಏನ್ ಮಾಡ್ತಿದ್ದೆ?”

ಆ ಹೊತ್ತಿಗೆ ಧನುಶ್ರೀ ಹಿತ್ತಿಲ ಕಡೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಸುಚಿತ್ರಾ ಅವಳನ್ನು ಕರೆದು, “ನಿಮ್ಮಪ್ಪ ಚೆನ್ನಾಗವ್ರೆ ಕಣವ್ವ,” ಎಂದಳು. ತಿಂಗಳಿಂದ ಅಂಕಮ್ಮ ಹಟ ಹಿಡಿದು ಕೇಳಿದ್ದ ಮಾತು. ಆ ರಾತ್ರಿ ಸುಚಿತ್ರಾ ಗಂಡನ ಎಲೆಯಲ್ಲೇ ಉಂಡಳು. ಅವಳು ಬೇಡ ಬೇಡ ಎಂದರೂ ಅಂಕಮ್ಮ ತುಂಡು ಬಡಿಸಿದಳು. ಮಗು ಮಾತ್ರ ಹೊಟ್ಟೆ ತುಂಬೈತೆ ಎಂದು ಎದ್ದುಹೋಯಿತು.

ಮಾರನೇ ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೊಮ್ಮಗಳ ಫ್ರಾಕನ್ನು ಹಿಂಡುವಾಗ ಅಂಕಮ್ಮನ ಕೈಗೆ ಜೇಬಿನಿಂದ ಏನೋ ಮೆತ್ತಗೆ ಹತ್ತಿತು. ಪಫ್ಸಿನ ಸಿಪ್ಪೆ, ಒಂದು ಚೂರು ಮೊಟ್ಟೆ. ಅವಳು ಫ್ರಾಕನ್ನು ಕಲ್ಲಿನ ಮೇಲೇ ಬಿಟ್ಟು, ಒದ್ದೆ ಕೈಯಲ್ಲೇ ಶಾಲೆಯ ಬಾಗಿಲಿಗೆ ಹೋಗಿ ನಿಂತಳು. ಮಧ್ಯಾಹ್ನದ ಬೆಲ್ಲಿಗೆ ಹೊರಗೆ ಬಂದ ಮಗುವನ್ನು ಬೇವಿನ ಮರದ ಹಿಂದಕ್ಕೆ ಕರೆದೊಯ್ದಳು.

“ಲೋಟದ್ ನೀರು ಯಾರೇ ಕುಡ್ದೋರು?”

ಧನುಶ್ರೀ ಸುಳ್ಳು ಹೇಳಲಿಲ್ಲ. ಗೂಡು ಬಿಡಿಸಿ ಖಾಲಿಯಾಗಿದ್ದ ಹುಳದ ಕೋಣೆಯಿಂದ ನಡುಮನೆಗೆ ಒಂದು ಗಿಡ್ಡ ಬಾಗಿಲಿದೆಯಲ್ಲ, ಅದರ ಸಂದಿಯಲ್ಲಿ ಕೂತಿದ್ದಳಂತೆ.

“ಅಪ್ಪನ್ನ ನೋಡನ ಅಂತ ಕುಂತಿದ್ದೆ ಅಜ್ಜಿ. ಕಾದೆ, ಕಾದೆ. ಯಾರೂ ಬರ್ನಿಲ್ಲ. ತಾತ ಕೆಮ್ಮಿಬುಡ್ತು. ನೀರು ಹಂಗೇ ಇದ್ರೆ ನೀನು ಅಳ್ತೀಯ ಅಂತ ನಾನೇ ಕುಡ್ದೆ.”

“ಯಾರೂ ಬರ್ನಿಲ್ವಾ?”

“ಇಲ್ಲ.”

“ದೀಪಗೀಪ ಅಳ್ಳಾಡ್ತ?”

“ಇಲ್ಲ ಅಜ್ಜಿ.”

ಇಂಥ ಪ್ರಶ್ನೆಯನ್ನು ಎಂಟು ವರ್ಷದ ಮಗುವಿಗೆ ಎರಡೆರಡು ಸಲ ಕೇಳುವ ಗತಿ ಯಾವ ಮುದುಕಿಗೂ ಬರಬಾರದು. ಅಂಕಮ್ಮ ಸೆರಗಿನ ತುದಿಯಿಂದ ಮಗುವಿನ ಬಾಯಿ ಒರೆಸಿದಳು. “ನಿಮ್ಮಮ್ಮಂಗೆ ಹೇಳ್ಬೇಡ. ಯಾರ್ಗೂ ಹೇಳ್ಬೇಡ,” ಎಂದಳು. ಆಮೇಲಿನ ಮೂರು ದಿನ ಸೊಸೆ ಹಾಡು ಗುನುಗುತ್ತಾ ಪಾತ್ರೆ ತೊಳೆದಳು, ಅತ್ತೆಯ ತಲೆಗೆ ಎಣ್ಣೆ ಹಚ್ಚಿದಳು. “ಅತ್ತೆ, ಪೂರ್ತಿ ಖಾಲಿಯಾಗಿತ್ತು ಅಲ್ವಾ?” ಎಂದು ಕೇಳಿದಾಗಲೆಲ್ಲಾ ಅಂಕಮ್ಮ “ಪೂರ್ತಿ” ಎಂದಳು. ಎಣ್ಣೆ ಹಚ್ಚಿಸಿಕೊಳ್ಳುವ ಸುಖವೂ ಅವಳಿಗೆ ಮುಳ್ಳಾಯಿತು.

ಭಾನುವಾರ ಸುಚಿತ್ರಾ ಶೆಡ್ಡಿಗೆ ಹೋದಳು, ಈ ಸಂತೋಷವನ್ನು ಹೇಳಿಕೊಂಡು ಬರುತ್ತೇನೆ ಎಂದು. ಮಗುವನ್ನು ಅಜ್ಜಿಯ ಹತ್ತಿರವೇ ಬಿಟ್ಟು ಹೋದಳು. ಮಧ್ಯಾಹ್ನ ಬಂದವಳು ಚಪ್ಪಲಿ ಬಿಡದೆ ಒಳಗೆ ನುಗ್ಗಿ, ಟ್ರಂಕು ಎಳೆದು, ಮಗಳ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು.

“ಇದೇನೇ ಇದು?”

“ವರಲಕ್ಷ್ಮಕ್ಕನ ಮನೆ ಪಕ್ಕ ರೂಮೈತೆ. ಹೋಯ್ತೀವಿ ಅತ್ತೆ. ಧನುನ ಈ ಮನೇಲಿ ಮಲಗ್ಸಾಕಿಲ್ಲ.”

“ಯಾಕೆ? ನಾನೇನ್ ಅಂದೆ ನಿಂಗೆ?”

ಸುಚಿತ್ರಾ ಇನ್ನೊಂದು ಫ್ರಾಕನ್ನು ಚೀಲಕ್ಕೆ ಒತ್ತಿದಳು. “ಪಾಸ್ಟರ್ ಬೈಯ್ನಿಲ್ಲ. ತಲೆ ಮೇಲೆ ಕೈಯಿಟ್ಟು ಅವ್ರೂ ಅತ್ರು. ಸತ್ತೋರು ವಾಪಸ್ ಬರಾಕಿಲ್ವಂತೆ ಅತ್ತೆ. ನೀರು ಕುಡ್ದಿದ್ದು ಸೈತಾನನಂತೆ. ಸತ್ತೋರ ವೇಷ ಹಾಕ್ಕೊಂಡು ಬಂದು ಉಣ್ತಾನಂತೆ. ಆ ಎಲೇಲಿ ನಾನು ಉಂಡ್ಬುಟ್ಟೆ!”

ಬಸವಯ್ಯ ಬಾಗಿಲಿಗೆ ಅಡ್ಡ ನಿಂತ. “ನನ್ ಮೊಮ್ಮಗ್ಳನ್ನ ಕರ್ಕೊಂಡು ಹೊಸ್ಲು ದಾಟ್ಬೇಡ, ಹೇಳಿವ್ನಿ.”

“ಬುಡಿ ಮಾವ.”

ಅಂಕಮ್ಮ ಟ್ರಂಕಿನ ಮುಚ್ಚಳ ಹಿಡಿದು ನಿಂತಳು. ನಿಜ ಹೇಳಿದರೆ ಸೈತಾನ ಹೋಗುತ್ತಾನೆ, ಸೊಸೆ ಉಳಿಯುತ್ತಾಳೆ, ಮಗು ಉಳಿಯುತ್ತದೆ. ಆದರೆ ಮನು ಬರಲಿಲ್ಲ ಅಂತಾಗುತ್ತದೆ, ಅವನು ಮತ್ತೆ ಸೊಸೆಯ ಲೆಕ್ಕದ ಬೆಂಕಿಗೆ ಬೀಳುತ್ತಾನೆ. ಸುಮ್ಮನಿದ್ದರೆ ಬಂದು ನೀರು ಕುಡಿದ ಮಗ ಊರವರ ಬಾಯಲ್ಲಾದರೂ ಉಳಿಯುತ್ತಾನೆ, ಮನೆ ಖಾಲಿಯಾಗುತ್ತದೆ. ಅವಳು ಇನ್ನೂ ಹೀಗೆ ಒದ್ದಾಡುತ್ತಿರುವಾಗ ಧನುಶ್ರೀ ಬಂದು ಅವಳ ಸೆರಗು ಜಗ್ಗಿದಳು.

“ಅಜ್ಜಿ, ಸುಳ್ಳು ಮುಚ್ಚಿಟ್ಟೋರೂ ಬೆಂಕಿಗೇ ಹೋಯ್ತಾರಂತೆ. ಹಂಗಾರೆ ನಾನು ಸತ್ರೆ ಅಪ್ಪನ ಹತ್ರಕ್ಕೆ ಹೋಯ್ತೀನಾ?”

ಅದನ್ನು ಮಗು ಆಸೆಯಿಂದ ಕೇಳಿತ್ತು.

“ಚೀಲ ಕೆಳಗಿಡೇ,” ಎಂದಳು ಅಂಕಮ್ಮ. “ಸೈತಾನಾನೂ ಇಲ್ಲ, ಗೀತಾನಾನೂ ಇಲ್ಲ. ನೀರು ಕುಡ್ದಿದ್ದು ನಿನ್ ಮಗಳು. ಹುಳದ ಕೋಣೆ ಬಾಗ್ಲಿಂದ ಬಂದು ಕುಡ್ದವ್ಳೆ. ಅವಳ ಫ್ರಾಕಿನ ಜೇಬಲ್ಲಿ ಪಫ್ಸ್ ಇತ್ತು. ನಂಗೆ ಮಾರ್ನೇ ದಿನಾನೇ ಗೊತ್ತಾಯ್ತು.”

ಸುಚಿತ್ರಾ ಮಗಳ ಮುಖ ನೋಡಿದಳು. ಮಗು ತಲೆಯಾಡಿಸಿತು. ಚೀಲದಲ್ಲಿದ್ದ ಕೈಯನ್ನು ಅವಳು ಮೆಲ್ಲಗೆ ಹೊರತೆಗೆದು, ಟ್ರಂಕಿನ ಪಕ್ಕ ನೆಲದ ಮೇಲೆ ಕೂತಳು. ಭಯ ಇಳಿದದ್ದು ಮುಖದಲ್ಲಿ ಕಾಣಿಸಿತು. ಅದರ ಬೆನ್ನಿಗೇ ಇನ್ನೊಂದು ಬಂದದ್ದೂ ಕಾಣಿಸಿತು.

“ಹಂಗಾದ್ರೆ ಅವ್ರು ಬರ್ಲೇ ಇಲ್ಲ.”

“ಬರ್ನಿಲ್ಲ,” ಎಂದಳು ಅಂಕಮ್ಮ.

ಅತ್ತೆ ಸೊಸೆ ಎರಡು ವರ್ಷದಲ್ಲಿ ಜಗಳವಿಲ್ಲದೆ ಒಪ್ಪಿದ್ದು ಇದೊಂದೇ ಮಾತು. ಇಬ್ಬರೂ ಅಳಲಿಲ್ಲ. ಬಸವಯ್ಯ ಅಡ್ಡ ನಿಂತಿದ್ದ ಬಾಗಿಲಿನಿಂದ ಪಕ್ಕಕ್ಕೆ ಸರಿದ, ಯಾರೂ ಹೊರಗೆ ಹೋಗಲಿಲ್ಲ. ಸಂಜೆ ಸುಚಿತ್ರಾ ಬಟ್ಟೆಗಳನ್ನು ಮಡಿಸಿ ಮತ್ತೆ ಟ್ರಂಕಿಗೆ ಇಟ್ಟಳು. ರಾತ್ರಿ ಸೊಪ್ಪಿನ ಸಾರಿಗೆ ಉಪ್ಪು ಕಡಿಮೆಯಾಗಿತ್ತು, ಯಾರೂ ಕೇಳಲಿಲ್ಲ. ಧನುಶ್ರೀ ಲೋಟದ ನೀರನ್ನು ಅರ್ಧ ಚೆಲ್ಲದೆ ಪೂರ್ತಿ ಕುಡಿದಳು. ಅದನ್ನು ನೋಡಿ ಸಂತೋಷಪಡಬೇಕೋ ಬೇಡವೋ ಅಂಕಮ್ಮನಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಸೊಸೆ ಹೋದಳು. ಅಂಕಮ್ಮ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ್ದ ಲೋಟವನ್ನು ತೆಗೆದು, ತೊಳೆದು, ಅದಕ್ಕೇ ಕಾಫಿ ಬಗ್ಗಿಸಿ ಜಗಲಿಗೆ ತಂದಳು. ಬಸವಯ್ಯ ಇಸಿದುಕೊಂಡ. ಬಾಯಿಗಿಡುವ ಮುಂಚೆ ಕೊರೆದ ಹೆಸರು ಬೆರಳಿಗೆ ಸಿಕ್ಕಿತು.

“ಏನಮ್ಮಿ, ಇದು ಮನುದಲ್ವಾ?”

“ಲೋಟ ಕಣ್ರೀ,” ಎಂದಳು ಅಂಕಮ್ಮ. “ಕುಡೀರಿ, ಆರೋಯ್ತದೆ.”